ಸೋಫಾದ ಮೇಲೋ, ಮೇಜಿನ ಮುಂದೋ

ಮಾರ್ಚ್ ೩, ಭಾನುವಾರ

ಇವತ್ತಿನ ಫೋನೂ ಹಾಗೆಯೇ ಮುಗಿಯಿತು. ನಾನು ಹತ್ತು ಮಾತು ಕೇಳಿದರೆ ಮಗಳದು ಒಂದು ‘ಹ್ಞೂಂ’. ಸ್ಕೂಲು ಹೇಗಿದೆ ಎಂದರೆ ‘ಇದೆ’. ಹೊಸ ಮನೆ ಹೇಗಿದೆ ಎಂದರೆ ‘ಚೆನ್ನಾಗಿದೆ’. ಚೆನ್ನಾಗಿದೆ ಎಂದದ್ದು ಕೇಳಿ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳಮ್ಮ ನನ್ನನ್ನು ಬಿಟ್ಟು, ಆ ಕನ್ನಡಕದ ಅಂಗಡಿಯವನನ್ನು ಮದುವೆಯಾಗಿ, ಮಗಳನ್ನೂ ಕರೆದುಕೊಂಡು ರೈಲಿನಲ್ಲಿ ಒಂದು ದಿನದ ದೂರಕ್ಕೆ ಹೋಗಿ ವರ್ಷವಾಗುತ್ತ ಬಂತು. ಭಾನುವಾರಕ್ಕೊಂದು ಫೋನು, ರಜೆಯಲ್ಲಿ ಎರಡು ವಾರ ಮಗಳು. ಕೋರ್ಟು ನನ್ನ ಪಾಲಿಗೆ ಹಾಕಿಕೊಟ್ಟದ್ದು ಇಷ್ಟು.

ಇವತ್ತು ತಡೆಯಲಾರದೆ ಕೇಳಿಯೇಬಿಟ್ಟೆ. ‘ಯಾಕೆ ಮರಿ, ಅಪ್ಪನ ಜೊತೆ ಮಾತಾಡೋಕೆ ಬೇಜಾರಾ?’

‘ಹಾಗಲ್ಲಪ್ಪ. ಫೋನಲ್ಲಿ ಏನಂತ ಮಾತಾಡೋದು? ಸುಮ್ನೆ ಹಿಡ್ಕೊಂಡು ಕೂತಿರೋಕೆ ಒಂಥರಾ ಆಗುತ್ತೆ. ನಮ್ಮ ಫ್ರೆಂಡ್ಸೆಲ್ಲ ಆಟದೊಳಗೆ ಸಿಗ್ತೀವಿ. ಆಡ್ತಾ ಆಡ್ತಾ ಮಾತಾಡ್ತೀವಿ. ನೀನೂ ಬಾ.’

‘ಯಾವ ಆಟ?’

‘ದ್ವೀಪದ ಆಟ. ಮರ ಕಡೀಬೇಕು, ಮನೆ ಕಟ್ಬೇಕು, ಸೇತುವೆ ಮಾಡ್ಬೇಕು. ನಿಂಗೆ ಸರಿಯಾಗುತ್ತೆ, ಬರೀ ರಿಪೇರಿ ಕೆಲಸ.’

ಅಷ್ಟರಲ್ಲಿ ಅವಳಮ್ಮ ಕರೆದಳು, ಇವಳು ಹೋದಳು. ನನಗೆ ಐವತ್ತರ ಹತ್ತಿರ. ವಿಡಿಯೋ ಗೇಮಿನ ತಲೆಬುಡ ಗೊತ್ತಿಲ್ಲ. ಆದರೆ ‘ನೀನೂ ಬಾ’ ಎಂದಳಲ್ಲ! ಒಂದು ವರ್ಷದಲ್ಲಿ ಅವಳಾಗಿ ಕರೆದದ್ದು ಇದೇ ಮೊದಲು. ಹೋಗದಿದ್ದರೆ ನಾನು ಎಂಥ ಅಪ್ಪ?

ಮಾರ್ಚ್ ೫, ಮಂಗಳವಾರ

ಕೆಳಗಿನ ಮನೆಯಲ್ಲಿ ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತು.

‘ಈ ವಯಸ್ಸಲ್ಲಿ ವಿಡಿಯೋ ಗೇಮಾ? ರಿಪೇರಿ ಮಾಡೋ ಲಿಫ್ಟ್ ಏನಾದ್ರೂ ತಲೆ ಮೇಲೆ ಬಿತ್ತಾ?’

‘ಮಗಳು ಕರೆದಿದಾಳೆ, ಅಕ್ಕ.’

ಅಕ್ಕ ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು. ‘ಹಾಗಾದ್ರೆ ತಗೋ. ಅದೇನೋ ಎರಡು ಥರ ಇರುತ್ತಂತಲ್ಲ, ಟಿವಿಗೆ ಹಾಕೋ ಡಬ್ಬ ಒಂದು, ಕಂಪ್ಯೂಟರ್ ಒಂದು. ಅವಳು ಯಾವುದರಲ್ಲಿ ಆಡ್ತಾಳೆ?’

‘ಗೊತ್ತಿಲ್ಲ.’

‘ಕೇಳು ಮತ್ತೆ. ಬಾಯಿ ಬಿದ್ದುಹೋಗಿದ್ಯಾ?’

ಕೇಳುವುದಿಲ್ಲ. ಅವಳು ಆಡುವುದು ಆ ಕನ್ನಡಕದವನು ಕೊಡಿಸಿದ ಯಂತ್ರದಲ್ಲಿ. ಅವನು ಏನು ಕೊಡಿಸಿದ, ಎಷ್ಟು ದೊಡ್ಡದು ಕೊಡಿಸಿದ ಎಂದು ನಾನು ನನ್ನ ಮಗಳ ಬಾಯಲ್ಲಿ ಕೇಳಿಕೊಳ್ಳಬೇಕೆ? ಅದೊಂದು ಬೇಡ. ಅಷ್ಟು ದೊಡ್ಡ ಅಂಗಡಿ ಇದೆ, ಅಲ್ಲಿ ತಿಳಿದವರು ಇರುತ್ತಾರೆ.

ಮಾರ್ಚ್ ೯, ಶನಿವಾರ

ಕನ್ಸೋಲ್ ತಂದೆ.

ಅಂಗಡಿಯ ಹುಡುಗಿ ಮಾತಿನ ಮಲ್ಲಿ. ‘ಸರ್, ನೀವು ಯಾವ ಥರದ ಗೇಮ್ಸ್ ಆಡ್ತೀರ, ಅದು ಮೊದಲು ಹೇಳಿ. ಕಾರ್ ರೇಸು, ಫುಟ್‌ಬಾಲು, ಹೊಡೆದಾಟ ಅಂದ್ರೆ ಕನ್ಸೋಲ್. ಟಿವಿಗೆ ಸಿಕ್ಕಿಸಿ, ಸೋಫಾದಲ್ಲಿ ಕಾಲು ಚಾಚಿ ಆಡಿ. ಊರು ಕಟ್ಟೋದು, ಸೈನ್ಯ ನಡೆಸೋದು, ಗುರಿ ಇಟ್ಟು ಹೊಡೆಯೋದು ಅಂದ್ರೆ ಪಿಸಿ. ಅದಕ್ಕೆ ಮೌಸೇ ಆಗಬೇಕು.’

‘ಮರ ಕಡಿಯೋದು?’ ಎಂದೆ.

‘ಮರ ಎರಡರಲ್ಲೂ ಕಡೀಬಹುದು ಸರ್.’

ಪಿಸಿ ಆದರೆ ಮುಂದೆ ಒಂದೊಂದೇ ಭಾಗ ಬದಲಾಯಿಸಬಹುದು, ಹಳೆಯದಾಗುವುದಿಲ್ಲ ಎಂದಳು. ಲಿಫ್ಟಿನವನಿಗೆ ಅದು ರುಚಿಸುವ ಮಾತು. ಮನಸ್ಸು ಆ ಕಡೆ ವಾಲಿತ್ತು. ಆಮೇಲೆ ಅವಳು ಒಂದು ಮಾತು ಅಂದಳು: ‘ಆದ್ರೆ ಪಿಸಿ ಒಬ್ಬರ ಯಂತ್ರ. ಮೇಜಿನ ಮುಂದೆ ಒಬ್ಬರೇ ಕೂರಬೇಕು. ಕನ್ಸೋಲಲ್ಲಿ ಇಬ್ಬರು ಪಕ್ಕಪಕ್ಕ ಕೂತು ಒಂದೇ ಟಿವಿಲಿ ಆಡಬಹುದು.’

ಮುಗಿಯಿತು. ಏಪ್ರಿಲಿನಲ್ಲಿ ರಜೆ, ಮಗಳು ಬರುತ್ತಾಳೆ, ಸೋಫಾದ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಎರಡನೇ ಕಂಟ್ರೋಲರನ್ನೂ ಕೊಡಿ ಎಂದೆ. ಅದರಲ್ಲಿ ಎಷ್ಟೊಂದು ಗುಂಡಿಗಳು! ನಾನು ಜೀವಮಾನವೆಲ್ಲ ಗುಂಡಿಗಳ ಜೊತೆ ಬದುಕಿದವನು, ಆದರೆ ನನ್ನವು ಒಂದೋ ಮೇಲಕ್ಕೆ ಹೋಗುತ್ತವೆ, ಇಲ್ಲವೇ ಕೆಳಕ್ಕೆ ಬರುತ್ತವೆ.

ಮಾರ್ಚ್ ೧೦, ಭಾನುವಾರ

ಇಂಗು ತಿಂದ ಮಂಗನಾದೆ.

‘ಕನ್ಸೋಲಾ? ಅಪ್ಪಾ! ಆ ಆಟ ಕನ್ಸೋಲಲ್ಲಿ ಬರೋದೇ ಇಲ್ಲ. ಪಿಸಿಲಿ ಮಾತ್ರ.’

‘ಎಲ್ಲ ಆಟಾನೂ ಎಲ್ಲದರಲ್ಲೂ ಬರಲ್ವಾ?’

‘ಅಯ್ಯೋ ಅಪ್ಪ, ಬರಲ್ಲ. ಕೆಲವು ಅದರಲ್ಲಿ ಮಾತ್ರ, ಕೆಲವು ಇದರಲ್ಲಿ ಮಾತ್ರ. ಕೆಲವು ಎರಡರಲ್ಲೂ ಇರುತ್ತೆ, ಆದ್ರೆ ಅವರು ಇವರು ಸೇರೋ ಹಾಗಿಲ್ಲ. ತಗೊಳೋಕೆ ಮುಂಚೆ ನನ್ನ ಕೇಳಬಾರ್ದಾ?’

ಕೇಳಬಹುದಿತ್ತು. ಅಂಗಡಿಯಲ್ಲಿ ಆಟದ ಹೆಸರನ್ನಾದರೂ ಹೇಳಬಹುದಿತ್ತು. ಮರ ಕಡಿಯುವುದಂತೆ, ಮಣ್ಣಂಗಟ್ಟಿ.

ರಜೆಗೆ ಬಂದಾಗ ಇಬ್ಬರೂ ಕಾರ್ ರೇಸ್ ಆಡೋಣ, ನಿನಗೂ ಒಂದು ಕಂಟ್ರೋಲರ್ ತಂದಿದ್ದೇನೆ ಎಂದೆ. ‘ಹ್ಞೂಂ’ ಎಂದಳು. ಆ ‘ಹ್ಞೂಂ’ ಹೌದು ಎನ್ನುವ ಥರ ಇತ್ತು ಎಂದುಕೊಳ್ಳುತ್ತೇನೆ.

ಮಾರ್ಚ್ ೧೭, ಭಾನುವಾರ

ರಜೆಯೊಳಗೆ ಕಲಿತುಬಿಡಬೇಕೆಂದು ದಿನವೂ ಆಡುತ್ತಿದ್ದೇನೆ. ನನ್ನ ಕಾರು ಓಡುವುದಕ್ಕಿಂತ ಗೋಡೆಗೆ ಮುತ್ತಿಡುವುದೇ ಹೆಚ್ಚು. ಇವತ್ತು ಅಕ್ಕ ಮೇಲೆ ಬಂದವಳು, ನನ್ನ ಅವಸ್ಥೆ ನೋಡಿ ನಕ್ಕು, ಇನ್ನೊಂದು ಕಂಟ್ರೋಲರ್ ಎತ್ತಿಕೊಂಡಳು. ಫುಟ್‌ಬಾಲ್ ಹಾಕು ಎಂದಳು. ಯಾವ ಗುಂಡಿ ಒತ್ತಿದಳೋ ದೇವರಿಗೇ ಗೊತ್ತು, ಗೋಲಿನ ಮೇಲೆ ಗೋಲು ಹೊಡೆದಳು.

‘ಇಷ್ಟೇನಾ? ಇದಕ್ಕಾ ನೀನು ವಾರದಿಂದ ಒದ್ದಾಡ್ತಿರೋದು?’

ಮೈ ಉರಿದುಹೋಯಿತು. ಆದರೂ ಇಬ್ಬರೂ ಬಹಳ ಹೊತ್ತು ಆಡಿದೆವು. ಅಕ್ಕ ಎದ್ದು ಹೋದ ಮೇಲೆ ಸೋಫಾ ನೋಡಿದರೆ, ಆ ತುದಿ ಇನ್ನೂ ತಗ್ಗಾಗಿತ್ತು. ಮಗಳು ಕೂತರೆ ಅಷ್ಟು ತಗ್ಗಾಗುವುದಿಲ್ಲ, ಅವಳು ಕಡ್ಡಿ.

ಮಾರ್ಚ್ ೨೮, ಗುರುವಾರ

ಮಗಳು ಬರುವುದಿಲ್ಲವಂತೆ. ಅವಳಮ್ಮ ಫೋನ್ ಮಾಡಿದ್ದಳು.

‘ಸ್ಕೇಟಿಂಗ್ ಕ್ಲಾಸಿದೆ, ಫ್ರೆಂಡ್ಸೆಲ್ಲ ಇಲ್ಲೇ ಇರ್ತಾರೆ ಅಂತಾಳೆ. ನಾನು ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನೀವೇ ಕೋರ್ಟಿನ ಮಾತು ಎತ್ತಿದ್ರೆ ಕಳಿಸ್ತೀನಿ. ಅಳ್ತಾ ಬರ್ತಾಳೆ ಅಷ್ಟೆ.’

ಅಳುತ್ತ ಬರುವ ಮಗಳನ್ನು ಸೋಫಾದಲ್ಲಿ ಕೂರಿಸಿಕೊಂಡು ಏನು ಮಾಡಲಿ? ಬೇಡ ಬಿಡು ಎಂದೆ.

ಏಪ್ರಿಲ್ ೬, ಶನಿವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಏನಿದೆ?

ಕನ್ಸೋಲನ್ನು ಡಬ್ಬಕ್ಕೆ ತುಂಬಿ, ಎರಡೂ ಕಂಟ್ರೋಲರ್ ಸಮೇತ ಅಂಗಡಿಗೆ ಹೊತ್ತುಕೊಂಡು ಹೋದೆ. ಅದೇ ಹುಡುಗಿ. ‘ಏನು ಸರ್, ಇಷ್ಟ ಆಗ್ಲಿಲ್ವಾ?’ ಎಂದಳು.

‘ಚೆನ್ನಾಗಿದೆಯಮ್ಮ. ಪಕ್ಕದಲ್ಲಿ ಕೂರೋರು ಇಲ್ಲ. ಪಿಸಿ ಕೊಡು.’

ಮಾತು ಬಾಯಿಂದ ಬಿದ್ದ ಮೇಲೆ, ಅಂಗಡಿಯಲ್ಲಿ ಯಾಕೆ ಇದನ್ನೆಲ್ಲ ಹೇಳಿದೆ ಎಂದು ನಾಚಿಕೆಯಾಯಿತು. ಅವಳು ಕೆಟ್ಟವಳಲ್ಲ, ಮತ್ತೇನೂ ಕೇಳದೆ ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ವಾದ ಮಾಡಿ ಒಳ್ಳೆಯ ಬದಲಿ ಕೊಡಿಸಿದಳು. ಈ ಸಲ ಆಟದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ.

ದಾರಿಯಲ್ಲಿ ಯೋಚಿಸಿದೆ. ಕನ್ಸೋಲ್ ಇಟ್ಟುಕೊಂಡರೆ ಅವಳು ಬಂದಾಗ ಬೇಕಾಗುತ್ತದೆ. ಪಿಸಿ ತಂದರೆ ಅವಳು ಬರದೆ ಇರುವಾಗ ಬೇಕಾಗುತ್ತದೆ. ನಾನು ಪಿಸಿ ತಂದೆ. ಅಂದರೆ ನಾನೇ ಒಪ್ಪಿಕೊಂಡ ಹಾಗಾಯಿತಲ್ಲ! ಆಟೋದಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ.

ಏಪ್ರಿಲ್ ೮, ಸೋಮವಾರ

ಪಿಸಿ ಜೋಡಿಸಿದೆ. ಆಟ ತೆರೆದರೆ ಅದು ನಡೆಯುವುದಿಲ್ಲ, ತೆವಳುತ್ತದೆ. ಮನುಷ್ಯ ಒಂದು ಹೆಜ್ಜೆ ಇಡುತ್ತಾನೆ, ನಿಲ್ಲುತ್ತಾನೆ, ನಾನು ಕೆಮ್ಮಿ ಮುಗಿಸಿದ ಮೇಲೆ ಇನ್ನೊಂದು ಹೆಜ್ಜೆ ಇಡುತ್ತಾನೆ. ಮಗಳಿಗೆ ಮೆಸೇಜು ಹಾಕಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಎತ್ತಿದರೆ ಗಂಡಸಿನ ದನಿ.

‘ನಮಸ್ಕಾರ, ನಾನು...’

‘ಗೊತ್ತಾಯ್ತು, ಹೇಳಿ.’ ಕನ್ನಡಕ! ಇವನ ದನಿ ಇಷ್ಟು ತೆಳ್ಳಗಿದೆ ಎಂದುಕೊಂಡಿರಲಿಲ್ಲ.

‘ಅವಳಿಗೆ ಕ್ಲಾಸಿಗೆ ಹೊತ್ತಾಯ್ತು, ನಿಮಗೆ ಸಹಾಯ ಮಾಡಿ ಅಂದ್ಲು. ತಪ್ಪು ತಿಳೀಬೇಡಿ. ಮಾನಿಟರ್ ವೈರು ಹಿಂದೆ ಎಲ್ಲಿ ಸಿಕ್ಕಿಸಿದೀರ? ಮೇಲಿನ ತೂತಿಗಾ, ಕೆಳಗೆ ಅಡ್ಡಕ್ಕಿರುತ್ತಲ್ಲ ಅದಕ್ಕಾ?’

‘ಮೇಲಿಂದಕ್ಕೆ.’

‘ಅದೇ. ಕೆಳಗಿನದಕ್ಕೆ ಹಾಕಿ. ಮೇಲಿನದಕ್ಕೆ ಹಾಕಿದ್ರೆ ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡು ಸುಮ್ನೆ ಕೂತಿರುತ್ತೆ, ಕೆಲಸಾನೇ ಮಾಡಲ್ಲ.’

ಹಾಕಿದೆ. ಮನುಷ್ಯ ಓಡತೊಡಗಿದ. ಇಪ್ಪತ್ತೈದು ವರ್ಷದಿಂದ ವೈರು ಸಿಕ್ಕಿಸಿ ಹೊಟ್ಟೆ ಹೊರೆಯುವವನು ನಾನು, ನನಗೆ ಒಬ್ಬ ಕನ್ನಡಕ ಮಾರುವವನು ತೂತು ತೋರಿಸಬೇಕೆ! ಥ್ಯಾಂಕ್ಸ್ ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ. ‘ಅಯ್ಯೋ, ಅದಕ್ಕೇನಂತೆ, ನಾನೂ ಮೊದಲು ಅದೇ ತಪ್ಪು ಮಾಡಿದ್ದೆ’ ಎಂದ. ಸುಳ್ಳಿರಬೇಕು.

ಏಪ್ರಿಲ್ ೧೪, ಭಾನುವಾರ

ಮಗಳ ಜೊತೆ ಆಡಿದೆ! ಸಂಜೆ ಪೂರ್ತಿ! ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಅವಳು ಕಿವಿಯೊಳಗೇ ಮಾತಾಡುತ್ತಾಳೆ. ಆಟದಲ್ಲಿ ಅವಳ ಹೆಸರು ‘ಮೊಂಡುಬೆಕ್ಕು’. ನನಗೆ ‘ಅಪ್ಪ’ ಎಂದು ಹೆಸರಿಟ್ಟುಕೊಳ್ಳೋಣವೆಂದರೆ ಅದು ಯಾರೋ ತೆಗೆದುಕೊಂಡುಬಿಟ್ಟಿದ್ದಾರಂತೆ. ಕೊನೆಗೆ ‘ಲಿಫ್ಟ್‌ರಿಪೇರಿ’ ಎಂದು ಇಟ್ಟುಕೊಂಡೆ.

‘ಅಪ್ಪ, ನೇರ ನಡಿ! ಆಕಾಶ ಯಾಕೆ ನೋಡ್ತಿದೀಯ?’

‘ನಾನು ನೋಡ್ತಿಲ್ಲ ಕಣೆ, ಈ ಮೌಸು ನೋಡಿಸ್ತಿದೆ!’

ಹಳ್ಳದ ಮೇಲೆ ಒಂದು ಹಲಗೆ ಹಾಕಿದ್ದಳು. ನಾನು ದಾಟಲು ಹೋಗಿ ಬಿದ್ದೆ. ಮತ್ತೆ ಹತ್ತಿ ಬಂದು ಮತ್ತೆ ಬಿದ್ದೆ. ಅವಳು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಮೂಗಿನಲ್ಲಿ ಗೊರ್ರೆನ್ನುವ ಹಾಗೆ ನಕ್ಕಳು. ಮನೆಯಲ್ಲಿದ್ದಾಗ ಹಾಗೆಯೇ ನಗುತ್ತಿದ್ದಳು. ಆಮೇಲೆ ಬೇಕೆಂದೇ ಇನ್ನೆರಡು ಸಲ ಬಿದ್ದೆ.

ಏಪ್ರಿಲ್ ೨೩, ಮಂಗಳವಾರ

ಈ ವಾರ ಎರಡು ಸಲ ಸಿಕ್ಕಳು. ಅವಳು ಬಹಳ ಜೋರು, ನಾನು ಒಂದು ಮರ ಕಡಿಯುವುದರೊಳಗೆ ಗುಡ್ಡ ದಾಟಿರುತ್ತಾಳೆ. ‘ಬೇಗ ಬಾಪ್ಪ’ ಎನ್ನುತ್ತಾಳೆ, ಆಮೇಲೆ ಅದನ್ನೂ ಅನ್ನುವುದಿಲ್ಲ. ಆಟದಲ್ಲಿ ಕತ್ತಲಾದರೆ ತೋಳಗಳು ಬರುತ್ತವೆ. ನಾನು ದಾರಿ ತಪ್ಪಿ ಕೂಗಿದೆ, ಅವಳು ಬೇರೆ ಯಾರದೋ ಜೊತೆ ನಗುತ್ತಿದ್ದಳು. ತೋಳ ತಿಂದಿತು.

‘ನಾಳೆ ಬರ್ತೀಯಾ?’ ಎಂದೆ.

‘ನೋಡೋಣಪ್ಪ.’

ನೋಡೋಣ ಎಂದರೆ ಇಲ್ಲ ಎಂದು. ಇಷ್ಟು ನನಗೂ ಗೊತ್ತು. ಆದರೂ ನಾಳೆ ದೋಣಿಯ ಹತ್ತಿರ ನಿಂತಿರುತ್ತೇನೆ. ಅದು ಅವಳು ಮೊದಲು ಬಂದು ಇಳಿಯುವ ಜಾಗ.

ಏಪ್ರಿಲ್ ೩೦, ಮಂಗಳವಾರ

ಬರಲಿಲ್ಲ. ಭಾನುವಾರದ ಫೋನೂ ಎರಡೇ ನಿಮಿಷ. ದೋಣಿ, ಮರಳು, ನಾನು.

ಅಕ್ಕ ಮೇಲೆ ಬಂದು ನೋಡಿದಳು. ‘ಏನೋ ಇದು, ಮೇಜಿನ ಮುಂದೆ ಒಬ್ಬನೇ, ಕಟ್ಟಿಹಾಕಿದ ಹಾಗೆ. ಆ ಟಿವಿ ಡಬ್ಬಾನೇ ಚೆನ್ನಾಗಿತ್ತು, ನಾನಾದ್ರೂ ಬಂದು ಕೂರ್ತಿದ್ದೆ.’

ಮೇ ೨, ಗುರುವಾರ

ಬಂದಳು! ನಾನು ಎಂದಿನಂತೆ ದೋಣಿಯ ಪಕ್ಕ ನಿಂತಿದ್ದೆ. ಮೊಂಡುಬೆಕ್ಕು ಎಂಬ ಹೆಸರು ಕಂಡದ್ದೇ ತಡ, ಕೈ ಬೀಸುವ ಗುಂಡಿ ಒತ್ತಿ ಒತ್ತಿ ಸಾಕಾಯಿತು. ಅವಳು ಸುಮಾರು ಹೊತ್ತು ಅಲುಗಾಡದೆ ನಿಂತಿದ್ದಳು. ದನಿ ಬರಲಿಲ್ಲ. ಆಮೇಲೆ ಕೆಳಗೆ ಅಕ್ಷರ ಬಂತು: ‘ಮೈಕ್ ಹಾಳಾಗಿದೆ. ಬರೆಯುತ್ತೇನೆ.’

ಪರವಾಗಿಲ್ಲ ಮರಿ ಎಂದು ಬರೆದೆ. ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು, ನನಗೆ ಬೆವರು ಬಂತು. ಅವಳು ಕಾದಳು.

ಮೇ ೯, ಗುರುವಾರ

ಮಗಳು ಎಷ್ಟು ಬದಲಾಗಿದ್ದಾಳೆ! ಈಗ ದಿನ ಬಿಟ್ಟು ದಿನ ಬರುತ್ತಾಳೆ, ಹೇಳಿದ ಹೊತ್ತಿಗೆ ಬರುತ್ತಾಳೆ. ಆಟದಲ್ಲೇ ಸಿಗುತ್ತಾಳಲ್ಲ ಎಂದು ಭಾನುವಾರದ ಫೋನನ್ನೂ ಬಿಟ್ಟಿದ್ದೇನೆ. ಮುಂದೆ ಓಡುವುದಿಲ್ಲ. ನಾನು ಮರ ಕಡಿಯುವವರೆಗೂ ಪಕ್ಕದಲ್ಲಿ ನಿಂತಿರುತ್ತಾಳೆ. ಹಲಗೆಯ ಸೇತುವೆಗೆ ಎರಡೂ ಕಡೆ ಕಟಕಟೆ ಕಟ್ಟಿದ್ದಾಳೆ, ನಾನು ಬೀಳಬಾರದೆಂದು. ಬರೆಯುವುದೂ ಎಷ್ಟು ನೀಟು, ಪೂರ್ತಿ ವಾಕ್ಯ, ಕೊನೆಗೆ ಚುಕ್ಕಿ. ಸ್ಕೂಲು ಒಳ್ಳೆಯದಿರಬೇಕು.

ಇವತ್ತು ನನ್ನ ಕೆಲಸದ ಬಗ್ಗೆ ಕೇಳಿದಳು. ಹುಟ್ಟಿದಾಗಿನಿಂದ ಒಂದು ದಿನ ಕೇಳಿದವಳಲ್ಲ. ‘ಲಿಫ್ಟಿನ ಹಗ್ಗ ಕಿತ್ತುಹೋದರೆ ಏನಾಗುತ್ತದೆ?’ ಎಂದು ಬರೆದಳು.

ಹಗ್ಗ ಒಂದಲ್ಲ, ಹಲವು ಇರುತ್ತವೆ, ಎಲ್ಲ ಕಿತ್ತರೂ ಪಕ್ಕದ ಕಂಬಿಯನ್ನು ಗಬಕ್ಕನೆ ಕಚ್ಚಿ ಹಿಡಿಯುವ ಬ್ರೇಕು ಇದೆ, ಯಾರೂ ಬೀಳುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತಾರೆ ಅಷ್ಟೆ ಎಂದು ಬರೆದೆ. ಹೋದ ವಾರ ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮುದುಕಿಯ ಕಥೆ ಹೇಳಿದೆ. ಒಳಗಿನಿಂದ ‘ಏ ಮಾರಾಯ, ನನ್ನ ಸರದಿ ನಂಬರು ಹೋಗುತ್ತೆ, ಡಾಕ್ಟರನ್ನೇ ಇಲ್ಲಿಗೆ ಕರಿ’ ಎಂದು ನನಗೇ ಬೈದಳು. ‘ಹ ಹ ಹ’ ಎಂದು ಬಂತು. ಆಮೇಲೆ, ‘ಅಂಥವರಿಗೆ ನೀವು ಏನು ಹೇಳುತ್ತೀರಿ?’

ಬಾಗಿಲು ತಳ್ಳಬೇಡಿ, ನಾನು ಮೇಲೆಯೇ ಇದ್ದೇನೆ, ಬರುತ್ತೇನೆ ಎಂದು ಹೇಳುತ್ತಿರಬೇಕು. ಮಾತು ನಿಲ್ಲಿಸಬಾರದು. ಹಾಗೆಂದು ಬರೆದೆ.

ಕೊನೆಗೆ, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದು ಕೇಳಿಯೇಬಿಟ್ಟೆ. ‘ಆ ಕನ್ನಡಕ ನಿನ್ನ ಚೆನ್ನಾಗಿ ನೋಡ್ಕೋತಾನಾ?’

ಉತ್ತರ ಬರಲು ತಡವಾಯಿತು. ತೋಳ ಕೂಗುವುದು ಕೇಳುತ್ತಿತ್ತು. ‘ಪ್ರಯತ್ನ ಮಾಡುತ್ತಾರೆ. ಅವರಿಗೂ ಸರಿಯಾಗಿ ಬರುವುದಿಲ್ಲ.’

ಪಾಪ, ಎಷ್ಟು ತಿಳಿವಳಿಕೆ ಮಗುವಿಗೆ! ಅವನ ಬಗ್ಗೆ ಕೂಡ ಕೆಟ್ಟದ್ದು ಹೇಳಲಿಲ್ಲ. ನೀವು ತಾವು ಎಂದು ಮರ್ಯಾದೆ ಬೇರೆ. ಪಿಸಿ ತಂದದ್ದೇ ಒಳ್ಳೆಯದಾಯಿತು. ಸೋಫಾದಲ್ಲಿ ಪಕ್ಕಪಕ್ಕ ಕೂತಿದ್ದರೆ ಈ ಮಾತೆಲ್ಲ ಬರುತ್ತಿತ್ತೆ? ಮುಖ ನೋಡಿಕೊಂಡು ನಾವಿಬ್ಬರೂ ಒಂದು ದಿನ ಮಾತಾಡಿದವರಲ್ಲ.

ಮೇ ೨೧, ಮಂಗಳವಾರ

ದೊಡ್ಡ ದೋಣಿ ಕಟ್ಟುತ್ತಿದ್ದೇವೆ. ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿಲ್ಲ. ಹೇಗಿದ್ದೀಯ ಎಂದೆ. ‘ಎಲ್ಲ ಚೆನ್ನಾಗಿದೆ’ ಎಂದಳು. ಇವತ್ತು ಸ್ವಲ್ಪ ಮಂಕಾಗಿದ್ದಳು, ಬೇಗ ಹೋದಳು.

ಮೇ ೨೩, ಗುರುವಾರ

ಮಧ್ಯಾಹ್ನ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟಿನ ಮೇಲೆ ನಿಂತು ಕಂಬಿಗೆ ಎಣ್ಣೆ ಹಾಕುತ್ತಿದ್ದೆ. ಅವಳಮ್ಮನ ಫೋನು.

‘ಪ್ಲಾಸ್ಟರ್ ಇನ್ನೂ ತಿಂಗಳು ಇರ್ಬೇಕಂತೆ. ಮೂಳೆ ಸರಿಯಾಗಿ ಕೂತಿದೆ, ಭಯ ಇಲ್ಲ ಅಂದ್ರು ಡಾಕ್ಟ್ರು.’

‘ಯಾರ ಪ್ಲಾಸ್ಟರು?’

‘ಅವಳ ಕೈದು! ಹೋದ ಶುಕ್ರವಾರ ಸ್ಕೇಟಿಂಗಲ್ಲಿ ಬಿದ್ಲಲ್ಲ. ಬಲಗೈ. ನಿಮಗೆ ಹೇಳಿ ಅಂತ ಇವರಿಗೆ ಅವತ್ತೇ ಹೇಳಿದ್ದೆ. ಹೇಳ್ಲಿಲ್ವಾ? ಪೆನ್ಸಿಲ್ ಕೂಡ ಹಿಡಿಯೋಕಾಗ್ತಿಲ್ಲ, ನಾನೇ ತುತ್ತು ಕೊಡ್ತಿದೀನಿ.’

ಶುಕ್ರವಾರ ಬಿದ್ದಿದ್ದಾಳೆ. ಮಂಗಳವಾರ ನನ್ನ ಜೊತೆ ದೋಣಿ ಕಟ್ಟಿದ್ದಾಳೆ. ಎರಡೂ ಕೈಯಲ್ಲಿ, ಸರಸರನೆ ಟೈಪ್ ಮಾಡಿ, ಎಲ್ಲ ಚೆನ್ನಾಗಿದೆ ಎಂದಿದ್ದಾಳೆ.

ಅವನು. ಮೈಕ್ ಹಾಳಾದ ದಿನದಿಂದ ಅವನೇ. ಚುಕ್ಕಿ ಇಟ್ಟು ಬರೆದವನು, ಕಟಕಟೆ ಕಟ್ಟಿದವನು, ಮುದುಕಿಯ ಕಥೆಗೆ ನಕ್ಕವನು. ನಾನು ಮರಿ ಮರಿ ಎಂದು ಯಾರಿಗೆ ಬರೆದೆ! ಲಿಫ್ಟಿನ ತಲೆಯ ಮೇಲೆ, ಎಣ್ಣೆ ಡಬ್ಬ ಹಿಡಿದುಕೊಂಡು, ಕೆಳಗಿನಿಂದ ಯಾರೋ ‘ಆಯ್ತಾ ಸರ್?’ ಎಂದು ಕೂಗುವವರೆಗೂ ನಿಂತಿದ್ದೆ.

ಮೇ ೨೪, ಶುಕ್ರವಾರ

ಪಿಸಿ ಹಾಕಲಿಲ್ಲ. ಅಕ್ಕನಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ, ಇಲ್ಲವೇ ಅಳುತ್ತಾಳೆ. ಎರಡನ್ನೂ ನೋಡಲಾರೆ.

ಮೇ ೨೬, ಭಾನುವಾರ

ಮಗಳಿಗೆ ಫೋನ್ ಮಾಡಿದೆ. ದನಿ ಚೆನ್ನಾಗಿಯೇ ಇತ್ತು. ನೋವು ಕಡಿಮೆಯಂತೆ, ಪ್ಲಾಸ್ಟರಿನ ಮೇಲೆ ಗೆಳತಿಯರೆಲ್ಲ ಸಹಿ ಮಾಡಿದ್ದಾರಂತೆ.

‘ನಾಳೆ ರೈಲಿಗೆ ಬರ್ಲಾ?’ ಎಂದೆ.

‘ಯಾಕಪ್ಪ? ಬೇಡ. ಕೈ ತಾನೆ. ನೀನು ಬಂದು ಏನ್ ಮಾಡ್ತೀಯ?’

ಏನು ಮಾಡುತ್ತೇನೆ? ನಿಜ, ಏನೂ ಮಾಡಲಾರೆ. ಪಕ್ಕದಲ್ಲಿ ಕೂತಿರುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲ.

‘ಕೈ ಸರಿಹೋದ ಮೇಲೆ ದ್ವೀಪಕ್ಕೆ ಬಾ ಹಾಗಾದ್ರೆ’ ಎಂದೆ.

‘ಅದಾ? ಅಯ್ಯೋ, ಅದು ಬಿಟ್ಟು ಬಹಳ ದಿನ ಆಯ್ತಪ್ಪ. ಬೋರು. ಈಗ ಯಾರೂ ಆಡಲ್ಲ. ನಿಂಗೆ ಹೇಳಿ ಅಂತ ಅಂಕಲ್‌ಗೆ ಹೇಳಿದ್ನಲ್ಲ, ನಂಗೆ ಹೇಳೋಕೆ ಒಂಥರಾ ಆಯ್ತು. ಅವರು ಹೇಳ್ಲಿಲ್ವಾ?’

ಹೇಳಲಿಲ್ಲ ಎಂದರೆ ಸಾಕಿತ್ತು. ಒಂದು ಮಾತು. ಅವನ ಮಾನ ಮೂರು ಕಾಸಿಗೆ ಹೋಗುತ್ತಿತ್ತು, ಅದೂ ನನ್ನ ಮಗಳ ಎದುರಿಗೆ. ಮೂರು ದಿನದಿಂದ ಅದಕ್ಕೇ ಕಾದಿದ್ದೆ.

‘ಹೇಳಿದ್ರು, ಹೇಳಿದ್ರು. ನನಗೇ ಮರೆತುಹೋಗಿತ್ತು.’

ಯಾಕೆ ಹಾಗೆಂದೆನೋ ತಿಳಿಯದು. ವಯಸ್ಸಾಗುತ್ತಿರಬೇಕು.

ಮೇ ೨೭, ಸೋಮವಾರ

ಸಂಜೆ ಪಿಸಿ ಹಾಕಿದೆ. ನಾಲ್ಕು ಒಳ್ಳೆಯ ಬೈಗುಳ ಬರೆದು, ಆಟವನ್ನು ಅಳಿಸಿ, ಯಂತ್ರವನ್ನು ಮಾರಿಬಿಡುವುದೆಂದು ತೀರ್ಮಾನಿಸಿದ್ದೆ. ಮೊಂಡುಬೆಕ್ಕು ಅಲ್ಲೇ ಇತ್ತು, ಅರ್ಧ ಕಟ್ಟಿದ ದೋಣಿಯ ಪಕ್ಕ, ಒಂಟಿಯಾಗಿ.

‘ಕೈ ಮುರಿದವಳು ಇಷ್ಟು ಚೆನ್ನಾಗಿ ಟೈಪ್ ಮಾಡ್ತಾಳಾ?’ ಎಂದು ಬರೆದೆ.

ಏನೂ ಬರಲಿಲ್ಲ. ಓಡಿಹೋದ ಎಂದುಕೊಂಡೆ. ಆಮೇಲೆ ಬಂತು.

‘ಕ್ಷಮಿಸಿ.’

‘ಅವಳು ಬಿಟ್ಟಳು ಎಂದು ಹೇಳುವುದಕ್ಕೇ ಅವತ್ತು ಅವಳ ಹೆಸರಿನಲ್ಲೇ ಒಳಗೆ ಬಂದೆ. ನೀವು ಕೈ ಬೀಸಿದಿರಿ. ಬೀಸುತ್ತಲೇ ಇದ್ದಿರಿ. ಹೇಳಲಾಗಲಿಲ್ಲ.’

‘ಕೈ ಮುರಿದದ್ದನ್ನಾದರೂ ಹೇಳಬಹುದಿತ್ತಲ್ಲ!’ ಎಂದು ಬರೆದೆ. ಬರೆಯುವಾಗ ಕಣ್ಣು ಮಂಜಾಯಿತು, ಅಕ್ಷರ ತಪ್ಪಿತು, ಮತ್ತೆ ಬರೆದೆ. ಕಾದ.

‘ಫೋನ್ ಮಾಡಿ ಹೇಳಬೇಕಿತ್ತು. ಹೇಳಿದ್ದರೆ ಮಂಗಳವಾರ ಆಡಲು ಬಂದದ್ದು ಯಾರು ಎಂದು ನಿಮಗೆ ತಿಳಿಯುತ್ತಿತ್ತು. ನನ್ನ ತಪ್ಪು. ಬೈಯಿರಿ.’

ಬೈಯಲು ಹೋದರೆ ಒಂದೂ ಬೈಗುಳ ನೆನಪಾಗಲಿಲ್ಲ. ಬದಲಿಗೆ ಬೇರೆಯೇ ಬರೆದೆ. ‘ಈಗ ಅವಳು ಯಾವ ಆಟ ಆಡ್ತಾಳೆ? ಪಿಸಿನಾ, ಕನ್ಸೋಲಾ? ಯಾವುದಾದ್ರೂ ಸರಿ, ಹೇಳಿ. ನಾಳೆನೇ ಹೋಗಿ ಅದನ್ನೇ ತರ್ತೀನಿ.’

‘ಗೊತ್ತಿಲ್ಲ. ಫೋನಿನಲ್ಲಿ ಏನೋ ನೋಡುತ್ತಿರುತ್ತಾಳೆ. ರೂಮಿನ ಬಾಗಿಲು ಹಾಕಿಕೊಂಡಿರುತ್ತಾಳೆ. ನನ್ನ ಜೊತೆ ಈ ಆಟ ಆಡುತ್ತಿದ್ದಾಗ ಸ್ವಲ್ಪ ಮಾತಾಡುತ್ತಿದ್ದಳು. ಈಗ ಅದೂ ಇಲ್ಲ.’

ಅದನ್ನು ಎರಡು ಮೂರು ಸಲ ಓದಿದೆ. ರೈಲಿನಲ್ಲಿ ಒಂದು ದಿನದ ದೂರದಲ್ಲಿರುವ ನನಗೆ ಗೊತ್ತಿಲ್ಲ, ಸರಿ. ಅವಳ ಬಾಗಿಲಿನ ಆಚೆಗೇ ಇರುವವರಿಗೂ ಗೊತ್ತಿಲ್ಲ. ಹಾಗಾದರೆ ನಾನು ಇನ್ನು ಏನು ತರಲಿ? ಯಾವ ಅಂಗಡಿಗೆ ಹೋಗಲಿ?

ಆಟದಲ್ಲಿ ಕತ್ತಲಾಗುತ್ತ ಬಂತು. ತೋಳ ಬಂದರೆ ಬರಲಿ ಎಂದು ಇಬ್ಬರೂ ನಿಂತಿದ್ದೆವು. ಸುಮ್ಮನೆ ಎಷ್ಟು ಹೊತ್ತು ನಿಲ್ಲುವುದು, ಏನಾದರೂ ಹೇಳಬೇಕಲ್ಲ. ಊಟ ಆಯ್ತಾ ಎಂದು ಕೇಳಿದೆ.

‘ಇನ್ನೂ ಇಲ್ಲ. ಅವಳಮ್ಮ ಡ್ಯೂಟಿಗೆ ಹೋಗಿದ್ದಾರೆ. ಅವಳಿಗೆ ಎಡಗೈಯಲ್ಲಿ ತಿನ್ನಲು ಬರುವುದಿಲ್ಲ, ನಾನು ತಿನ್ನಿಸಿದರೆ ಬೇಡ ಎನ್ನುತ್ತಾಳೆ. ಹಸಿವಾದರೆ ಬಾಗಿಲು ತೆಗೆಯುತ್ತಾಳೇನೋ ಎಂದು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದೇನೆ.’

ನಾನು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ. ತೆಗೆದರೆ ನನಗೂ ಹೇಳಿ, ಇಲ್ಲೇ ಇರುತ್ತೇನೆ ಎಂದು ಬರೆದೆ.